ಲಖನೌದಲ್ಲೊಂದು ಕಲ್ಲೆಲೆಗಳ ಮನೆ

ಕಾಶಿ, ಅಯೋಧ್ಯೆಗಳ ಯಾತ್ರೆಗೆ ಹೊರಟವರು ಲಖನೌ ನಗರದಲ್ಲಿ ಒಂದು ದಿನ ತಂಗಿದರೆ ಇಮಾಂಬಾಡಾ ನೋಡದೆ ಬರುವುದಿಲ್ಲ. ಆದರೆ ಗೋಮತಿ ನದಿಯ ಆಚೆ, ವಿಶ್ವವಿದ್ಯಾಲಯದ ರಸ್ತೆಯಲ್ಲಿರುವ ಬೀರಬಲ್ ಸಾಹ್ನಿ ಸಂಸ್ಥೆಯತ್ತ ಹೆಜ್ಜೆ ಹಾಕುವವರು ವಿರಳ. ಮಕ್ಕಳೊಡನೆ ಹೋದವರಂತೂ ಇದನ್ನು ತಪ್ಪಿಸಿಕೊಳ್ಳಬಾರದು.

ಇಲ್ಲಿಯ ವಸ್ತುಸಂಗ್ರಹಾಲಯದಲ್ಲಿ ನಿಂತು ನೋಡಬೇಕಾದದ್ದು ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಎಲೆ. ಜೇಡಿಗಲ್ಲಿನ ಮೇಲೆ ನಾಲಗೆಯಾಕಾರದ ಅಚ್ಚು. ನಡುವೆ ದಪ್ಪ ನರ, ಇಕ್ಕೆಲಗಳಲ್ಲಿ ಬಲೆಯಂತೆ ಹೆಣೆದ ಸಣ್ಣ ನರಗಳು. ಮಕ್ಕಳು ಪುಸ್ತಕದ ನಡುವೆ ಒಣಗಿಸಿಟ್ಟ ಅರಳಿ ಎಲೆಯೇ ನೆನಪಾಗುತ್ತದೆ. ಇದಕ್ಕಾದರೋ ಇಪ್ಪತ್ತೈದು ಕೋಟಿ ವರ್ಷಗಳಿಗೂ ಮೀರಿದ ವಯಸ್ಸು!

ರಾಣಿಗಂಜ್, ಝರಿಯಾ, ಸಿಂಗರೇಣಿಗಳ ಕಲ್ಲಿದ್ದಲು ಮುಖ್ಯವಾಗಿ ಇಂತಹ ಗಿಡಮರಗಳಿಂದಲೇ ಆದದ್ದು. ಜೌಗು ಕಾಡಿನಲ್ಲಿ ಉದುರಿದ ಎಲೆ ಕೊಂಬೆಗಳು ನೀರಿನಡಿಯಲ್ಲಿ ಗಾಳಿ ತಾಗದೆ, ಪೂರ್ಣವಾಗಿ ಕೊಳೆಯದೆ ಪೇರಿಕೊಂಡವು. ಮೇಲೆ ಮರಳು, ಹೂಳು ಬಿದ್ದವು. ಒತ್ತಡ ಮತ್ತು ಕಾವಿನಿಂದ ಅವು ಇದ್ದಿಲಾದವು. ಇದ್ದಿಲಿನಲ್ಲಿ ಎಲೆಯ ರೂಪ ಬಹುಮಟ್ಟಿಗೆ ಅಳಿದುಹೋಗಿರುತ್ತದೆ. ಅದು ಉಳಿಯುವುದು ಇದ್ದಿಲ ಪದರಗಳ ನಡುವಣ ಜೇಡಿಗಲ್ಲಿನಲ್ಲಿ. ಗಣಿ ತೋಡುವವರಿಗೆ ಅದು ಬೇಡದ ಕಲ್ಲು! ಸಿಂಗರೇಣಿಯ ಕಲ್ಲಿದ್ದಲು ರಾಯಚೂರಿನ ಶಕ್ತಿನಗರದಲ್ಲಿ ಉರಿದು ನಮ್ಮ ಮನೆಗಳ ದೀಪ ಬೆಳಗಿಸಿದೆ. ಅದರ ನೆರೆಯ ಕಲ್ಲನ್ನು ಆಯ್ದಿಡುವವರು ಬೇಡವೇ?

ಹಾಗೆ ಆಯ್ದಿಟ್ಟುದರಿಂದಲೇ ಭೂಮಿಯ ಒಂದು ಹಳೆಯ ಸಂಗತಿ ತಿಳಿಯಿತು. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಮಡಿದ ಕ್ಯಾಪ್ಟನ್ ಸ್ಕಾಟರ ತಂಡದವರು, ಹಸಿವು ಚಳಿಗಳ ನಡುವೆಯೂ ಸುಮಾರು 16 ಕಿಲೋ ಕಲ್ಲುಗಳನ್ನು ಬಿಡದೆ ಎಳೆದು ತಂದಿದ್ದರು. ಅವುಗಳಲ್ಲಿಯೂ ಇದೇ ಗ್ಲಾಸಾಪ್ಟೆರಿಸ್ ಇತ್ತು. ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾಗಳು ಒಂದೇ ನೆಲವಾಗಿದ್ದವೆಂಬುದಕ್ಕೆ ಈ ಎಲೆ ಪ್ರಬಲ ಸಾಕ್ಷಿಯಾಯಿತು. ಆ ನೆಲದ ಹೆಸರು ಗೊಂಡ್ವಾನ. ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ ಬಂದ ಹೆಸರದು.

ಸಂಸ್ಥೆಯನ್ನು ಪ್ರೊಫೆಸರ್ ಸಾಹ್ನಿಯವರು 1946ರಲ್ಲಿ ಸ್ಥಾಪಿಸಿದರು. ಹಲವು ಯುಗಗಳ ಪಳೆಯುಳಿಕೆಗಳನ್ನು ಕೂರಿಸಿ ಅವರು ಸಿದ್ಧಪಡಿಸಿದ ಅಡಿಗಲ್ಲನ್ನು 1949ರ ಏಪ್ರಿಲ್ 3ರಂದು ಪ್ರಧಾನಿ ನೆಹರೂ ಇಟ್ಟರು. ಒಂದು ವಾರ ಕಳೆಯುವಷ್ಟರಲ್ಲಿ ಸಾಹ್ನಿಯವರು ಹೃದಯಾಘಾತದಿಂದ ತೀರಿಕೊಂಡರು. ಪತಿಯೊಡನೆ ಕಲ್ಲು ಹುಡುಕುತ್ತ ಊರೂರು ಸುತ್ತಿದ್ದ ಸಾವಿತ್ರಿ ಸಾಹ್ನಿಯವರು ಹೊಣೆ ಹೊತ್ತರು. 1953ರಲ್ಲಿ ಕಟ್ಟಡ ಉದ್ಘಾಟನೆಯಾಯಿತು. ಸಾಹ್ನಿಯವರ ಸಮಾಧಿ ಅದೇ ಆವರಣದಲ್ಲಿದೆ.