ಳ ಬಂದರೆ ಲ

ಅಂತ್ಯಾಕ್ಷರಿ ಆಡುವ ಕನ್ನಡದ ಮನೆಗಳಲ್ಲಿ ಎಲ್ಲೂ ಬರೆದಿಡದ ನಿಯಮವೊಂದಿದೆ: ಳ ಬಂದರೆ ಲ, ಣ ಬಂದರೆ ನ. ಈ ನಿಯಮ ಬೇಕಾದದ್ದು ಭಾಷೆಯ ಗುಣದಿಂದ. ಕನ್ನಡದಲ್ಲಿ ಳಕಾರದಿಂದ ಶುರುವಾಗುವ ಪದಗಳಿಲ್ಲ, ಆದರೆ ಳಕಾರದಲ್ಲಿ ಮುಗಿಯುವ ಪದಗಳಿಗೆ ಲೆಕ್ಕವೇ ಇಲ್ಲ. ಹಳಗನ್ನಡದ ಅವಳ್, ಬಂದಳ್, ಮರಂಗಳ್ ಎಂಬ ರೂಪಗಳು ಕಾಲ ಸರಿದಂತೆ ಕೊನೆಗೊಂದು ಉಕಾರ ಸೇರಿಸಿಕೊಂಡು ಅವಳು, ಬಂದಳು, ಮರಗಳು ಆದವು. ಹೀಗಾಗಿ ಹಾಡಿನ ನಾಯಕಿ ನಕ್ಕರೂ ಳು, ಅತ್ತರೂ ಳು, ಹೂವು ಒಂದಕ್ಕಿಂತ ಹೆಚ್ಚಾದರೂ ಳು. (ಣಕಾರಕ್ಕಾದರೆ ಜೈನರ ಮನೆಯಲ್ಲಿ ಒಂದು ಉತ್ತರ ಸಿಗಬಲ್ಲದು, ಪ್ರಾಕೃತದ ಣಮೋಕಾರ ಮಂತ್ರ ಆ ಅಕ್ಷರದಿಂದಲೇ ಮೊದಲಾಗುತ್ತದೆ.) ಳವನ್ನು ಲ ಮಾಡಿಕೊಂಡರೂ ಕಷ್ಟ ತೀರುವುದಿಲ್ಲ. ಲಕಾರದ ಸಿನಿಮಾ ಹಾಡುಗಳು ಮೊದಲೇ ಕಡಿಮೆ, ಎರಡು ಸುತ್ತಿನಲ್ಲಿ ಖರ್ಚಾಗಿಬಿಡುತ್ತವೆ. ಆಮೇಲೆ ಉಳಿಯುವುದು ಲಾಲಿ. ಆಗ ಮಕ್ಕಳು ಅಜ್ಜಿಯ ಮುಖ ನೋಡಬೇಕಾಗುತ್ತದೆ. ನಾನು ಹೇಳಹೊರಟಿರುವುದು ಆ ನೋಟದ ಬಗ್ಗೆಯೇ. ಎಳೆಯರ ಹಾಡಿನ ಹುಚ್ಚು ಐದಾರು ವರ್ಷಕ್ಕೊಮ್ಮೆ ಬದಲಾಗುತ್ತದೆ, ಹಿರಿಯರು ಅದನ್ನು ಕಂಡು ಮರುಗುತ್ತಾರೆ. ಮರುಗಬೇಕಾಗಿಲ್ಲ. ನಮ್ಮಲ್ಲಿ ಹಾಡುಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದ್ದು ಹುಚ್ಚು ಬದಲಾಗದೆ ಉಳಿದದ್ದರಿಂದಲ್ಲ. ಬದಲಾದ ಹುಚ್ಚುಗಳನ್ನೆಲ್ಲ ಒಂದೇ ಚಾಪೆಯ ಮೇಲೆ ಕೂರಿಸುವ ಆಟವೊಂದು ಮನೆಯಲ್ಲಿದ್ದದ್ದರಿಂದ.

ಹುಚ್ಚು ಬದಲಾಗುವುದು ಈಚಿನ ಮಾತಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದಾಗ ಕಂಪನಿ ನಾಟಕದ ಪದಗಳು ಗ್ರಾಮಾಫೋನ್ ಪ್ಲೇಟುಗಳಲ್ಲಿ ಉಳ್ಳವರ ಮನೆ ಸೇರಿದ್ದವು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತೆರೆ ಕಂಡು ಒಂದು ವರ್ಷವಷ್ಟೇ ಆಗಿತ್ತು. ಮುಂದೆ 1950ರಲ್ಲಿ ಧಾರವಾಡದಲ್ಲೂ 1955ರಲ್ಲಿ ಬೆಂಗಳೂರಿನಲ್ಲೂ ಆಕಾಶವಾಣಿ ಕೇಂದ್ರಗಳು ಬಂದವು. ಆ ನಡುವೆ, 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳು ಹಿಡಿಸಲಿಲ್ಲ; ಆಕಾಶವಾಣಿಯಲ್ಲಿ ಅವು ಹೆಚ್ಚುಕಡಿಮೆ ಮಾಯವಾದವು. ಕೇಳುಗರು ಅವುಗಳ ಬದಲಿಗೆ ಬಂದ ಶಾಸ್ತ್ರೀಯ ಸಂಗೀತಕ್ಕೆ ಒಲಿಯಲಿಲ್ಲ, ರೇಡಿಯೊದ ಮುಳ್ಳನ್ನು ಸಿಲೋನಿನ ಕಡೆ ತಿರುಗಿಸಿಕೊಂಡರು. ಐದು ವರ್ಷ ಕಳೆದ ಮೇಲೆ, 1957ರ ಅಕ್ಟೋಬರ್ 3ರಂದು, ಸರ್ಕಾರವೇ ವಿವಿಧಭಾರತಿಯನ್ನು ಶುರು ಮಾಡಬೇಕಾಯಿತು. ಎಳೆಯರ ಹಾಡಿನ ಹುಚ್ಚನ್ನು ಮೇಲಿನಿಂದ ತಿದ್ದಲು ಹೊರಟವರಿಗೆ ಏನಾಗುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಆಮೇಲಿನದು ಇನ್ನೂ ವೇಗದ ಕಥೆ. ಪಿ.ಬಿ. ಶ್ರೀನಿವಾಸ್ ಅವರ ದನಿಯನ್ನೇ ರಾಜಕುಮಾರ್ ಅವರ ದನಿ ಎಂದು ಒಪ್ಪಿಕೊಂಡು ಬೆಳೆದವರ ಮನೆಯಲ್ಲಿ, 1974ರ ‘ಸಂಪತ್ತಿಗೆ ಸವಾಲ್’ ಬಂದ ಮೇಲೆ, ರಾಜಕುಮಾರರ ಸ್ವಂತ ಕಂಠಕ್ಕೇ ಮನಸೋತ ತಮ್ಮತಂಗಿಯರು ಹುಟ್ಟಿಕೊಂಡರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ ‘ನಿತ್ಯೋತ್ಸವ’ ಎಂಬ ಕ್ಯಾಸೆಟ್ಟಾಗಿ ಬಂದವು. ಭಾವಗೀತೆ ಪಠ್ಯಪುಸ್ತಕದಿಂದ ಎದ್ದು ನಡುಮನೆಗೆ ಬಂತು. 1987ರಲ್ಲಿ ‘ಪ್ರೇಮಲೋಕ’, 2006ರಲ್ಲಿ ‘ಮುಂಗಾರು ಮಳೆ’. ಪ್ರತಿಯೊಂದೂ ತನಗಿಂತ ಹಿಂದಿನದನ್ನು ಹಳತು ಮಾಡಿತು. ಅಣ್ಣನಿಗೆ ಪ್ರಾಣವಾದದ್ದು ತಮ್ಮನಿಗೆ ಬೇಸರವಾಗಲು ಆರೇಳು ವರ್ಷದ ಅಂತರ ಸಾಕಾಯಿತು.

ಆದರೂ ತಮ್ಮನಿಗೆ ಅಣ್ಣನ ಹಾಡು ಬಾಯಿಪಾಠ ಬರುತ್ತಿತ್ತಲ್ಲ, ಅದು ಹೇಗೆ? ಮೊದಲ ಕಾರಣ ಸರಳ. ಮನೆಗೊಂದು ರೇಡಿಯೊ, ಆಮೇಲೆ ಮನೆಗೊಂದು ಟೇಪ್ ರೆಕಾರ್ಡರ್, ಬೀದಿಗೆ ನಾಲ್ಕು ಟಿವಿ. ದೂರದರ್ಶನದ ಚಿತ್ರಮಂಜರಿ ಬರುವ ಹೊತ್ತಿಗೆ ಅಕ್ಕಪಕ್ಕದವರೂ ಬಂದು ಕೂರುತ್ತಿದ್ದರು. ಒಬ್ಬರು ಕೇಳಿದರೆ ಎಲ್ಲರೂ ಕೇಳಿದಂತೆಯೇ. ನಮ್ಮ ಭಾಷೆ ಇದಕ್ಕೊಂದು ಒಳ್ಳೆಯ ಮಾತು ಇಟ್ಟುಕೊಂಡಿದೆ: ಕಿವಿಗೆ ಬೀಳುವುದು. ಬೀಳುವ ಹಾಡನ್ನು ಯಾರೂ ಆರಿಸಿಕೊಂಡಿರುವುದಿಲ್ಲ. ಅಡುಗೆಮನೆಯಲ್ಲಿದ್ದವರ ಕಿವಿಗೂ, ಜಗಲಿಯಲ್ಲಿ ಲೆಕ್ಕ ಮಾಡುತ್ತಿದ್ದ ಹುಡುಗನ ಕಿವಿಗೂ ಅದು ತಾನಾಗಿ ಬಿದ್ದಿರುತ್ತದೆ. ಜಪಾನಿನ ಸೋನಿ 1979ರಲ್ಲಿ ವಾಕ್‌ಮನ್ ತಂದಾಗ ಬದಲಾದದ್ದು ಹಾಡಿನ ರುಚಿಯಲ್ಲ, ಈ ಬೀಳುವಿಕೆ. ಅಂದಿನಿಂದ ಇಂದಿನ ಇಯರ್‌ಫೋನ್‌ವರೆಗೆ ಹಾಡು ಮೆಲ್ಲಮೆಲ್ಲನೆ ಕಿವಿಗೆ ಹಾಕಿಕೊಳ್ಳುವ ವಸ್ತುವಾಯಿತು. ಹಾಕಿಕೊಂಡವರ ಹೊರತು ಅದು ಇನ್ನೊಬ್ಬರಿಗೆ ಬೀಳುವುದಿಲ್ಲ.

ಎರಡನೆಯ ಕಾರಣ ಆಟ. ಕಿವಿಗೆ ಬಿದ್ದದ್ದು ಬಾಯಿಗೆ ಬರಬೇಕಾದರೆ ಯಾರಾದರೂ ಅದನ್ನು ಕೇಳಬೇಕು, ಬೇಗ ಹೇಳು ಎಂದು ಕಾಡಬೇಕು. ಮನೆಯಾಟಗಳೆಲ್ಲ ಆ ಕೆಲಸ ಮಾಡುವುದಿಲ್ಲ. ಚೌಕಾಬಾರದಲ್ಲಿ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಕಾಯಿ ಹಣ್ಣಾಗುವುದು ಅರ್ಧ ಅದೃಷ್ಟದಿಂದ, ಹೀಗಾಗಿ ಐದು ವರ್ಷದ ಮೊಮ್ಮಗಳು ತಾತನ ಕಾಯಿ ಹೊಡೆದು ಕೇಕೆ ಹಾಕಬಹುದು. ಅಳಗುಳಿ ಮಣೆಯಲ್ಲಿ ಹದಿನಾಲ್ಕು ಗುಳಿ, ಹುಣಸೆಬೀಜ, ಲೆಕ್ಕದ ಚುರುಕು. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ವನಿಧಿ’ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೆ ಜಾಗ ಕೊಟ್ಟರು; ಮಣೆ, ದಾಳ, ಗಂಜೀಫಾ ಎಲೆಗಳೆಂದರೆ ಅವರಿಗೆ ಅಷ್ಟು ಪ್ರೀತಿ. ಈ ಆಟಗಳಲ್ಲೆಲ್ಲ ಮನೆಮಂದಿ ಸೇರುತ್ತಾರೆ, ಆದರೆ ಮನೆಮಂದಿಯ ನೆನಪು ಪಣಕ್ಕೆ ಬೀಳುವುದಿಲ್ಲ. ಅಂತ್ಯಾಕ್ಷರಿಯಲ್ಲಿ ಪಣ ಅದೊಂದೇ. ಮಣೆ ಬೇಡ, ಕಾಯಿ ಬೇಡ. ಕರೆಂಟು ಹೋದ ರಾತ್ರಿ ಸಾಕು, ದಿಬ್ಬಣದ ಬಸ್ಸು ಸಾಕು. ಇನ್ನು ಅಕ್ಷರಕ್ಕೆ ಅಭಿರುಚಿಯೆಂಬುದಿಲ್ಲ. ನ ಎಂದರೆ ನ. ದಾಸರ ಪದವೋ ಹಂಸಲೇಖ ಬರೆದದ್ದೋ ಎಂದು ಅದು ವಿಚಾರಿಸುವುದಿಲ್ಲ. ಅವನು, ಬಂದೆನು, ನಾನು ಎಂದು ನಮ್ಮ ಸಾಲುಗಳು ಮೇಲಿಂದ ಮೇಲೆ ನಕಾರದಲ್ಲಿ ನಿಲ್ಲುವುದರಿಂದ, ಆಡುವವರಿಗೆ ಇಷ್ಟವಾದ ನಕಾರದ ಹಾಡುಗಳು ಅರ್ಧ ಗಂಟೆಯಲ್ಲಿ ಮುಗಿಯುತ್ತವೆ. ಅನಂತರ ಗೆಲ್ಲಬೇಕಾದರೆ ಇಷ್ಟವಿಲ್ಲದ ಹಾಡುಗಳನ್ನೂ ನೆನಪಿನಿಂದ ಎಳೆದು ತರಬೇಕು. ಅಪ್ಪ ಗುನುಗುತ್ತಿದ್ದದ್ದು, ಅತ್ತೆ ನೀರು ಸೇದುವಾಗ ಹಾಡಿದ್ದು, ನವರಾತ್ರಿಯ ಗೊಂಬೆ ಆರತಿಗೆ ಪಕ್ಕದ ಮನೆಯ ಹುಡುಗಿ ಹೇಳಿದ್ದು. ಆ ಹೊತ್ತಿನಲ್ಲಿ ಬೇಸರದ ಹಾಡು ಆಪತ್ತಿಗಾದ ನೆಂಟನಾಗುತ್ತದೆ, ನೆಂಟರ ಮೇಲೆ ಹುಟ್ಟುವಂಥ ಪ್ರೀತಿಯೂ ಅದರ ಮೇಲೆ ಹುಟ್ಟುತ್ತದೆ. ಬಾಲ್ಯದ ಬೇರೆ ಆಟಗಳಲ್ಲಿ ಅಜ್ಜಿ ತಮ್ಮ ಕಡೆ ಬರಲಿ ಎಂದು ಮಕ್ಕಳು ಜಗಳವಾಡುವುದನ್ನು ಕಾಣುವುದು ಕಷ್ಟ. ಇಲ್ಲಿ ಅದು ನಡೆಯುತ್ತದೆ.

ಹೀಗೆ ಬಂದ ಹಾಡು ಆಟ ಮುಗಿದ ಮೇಲೂ ಉಳಿಯುತ್ತದೆಯೇ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಕ್ರುಮ್‌ಹಾನ್ಸ್ಲ್ ಅವರು ಸಹೋದ್ಯೋಗಿಯೊಬ್ಬರ ಜತೆ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಇಪ್ಪತ್ತರ ಆಸುಪಾಸಿನ ಯುವಕ ಯುವತಿಯರಿಗೆ ಅವರು 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿದರು. ಯಾರಿಗೇ ಆಗಲಿ ತಮ್ಮ ಹರೆಯದ ಹಾಡುಗಳ ನೆನಪು ಗಾಢವೆಂದು ಮೊದಲೇ ಗೊತ್ತಿತ್ತು. ಅಚ್ಚರಿಯೆಂದರೆ, ತಾವು ಹುಟ್ಟುವ ಮೊದಲಿನ, ತಂದೆತಾಯಿಯ ಹರೆಯದ ಕಾಲದ ಹಾಡುಗಳಿಗೂ ಇವರಲ್ಲಿ ನೆನಪು, ಮೆಚ್ಚುಗೆ ಎರಡೂ ಏರಿದ್ದವು. ಅಜ್ಜ ಅಜ್ಜಿಯರ ಕಾಲದ ಸುಮಾರಿಗೆ ಇನ್ನೊಂದು ಏರು ಕಂಡಿತು. ಅಲ್ಲಿನವರು ಅಂತ್ಯಾಕ್ಷರಿ ಆಡಿದವರಲ್ಲ, ಇಂಗ್ಲಿಷ್ ಹಾಡುಗಳನ್ನು ಕೇಳಿ ಬೆಳೆದವರು. ಹಾಗಾಗಿ ಇದರಿಂದ ನಮ್ಮ ಆಟದ ಮಹಿಮೆ ಸಾಬೀತಾಯಿತು ಎಂದು ನಾನು ಹೇಳುವುದಿಲ್ಲ. ಸಾಬೀತಾಗುವುದು ಬೇರೊಂದು: ಮನೆಯಲ್ಲಿ ಕಿವಿಗೆ ಬಿದ್ದ ಹಿರಿಯರ ಹಾಡು ಮಕ್ಕಳಲ್ಲಿ ಬೇರು ಬಿಡಬಲ್ಲದು. ಬರೀ ಬಿದ್ದದ್ದೇ ಇಷ್ಟು ಬೇರು ಬಿಡುವುದಾದರೆ, ಬಿದ್ದದ್ದನ್ನು ಹೆಕ್ಕಿ ಬಾಯಿಂದ ಹಾಡಿಸಿದ ಮನೆಗಳಲ್ಲಿ ಅದು ಇನ್ನಷ್ಟು ಆಳಕ್ಕೆ ಇಳಿದಿರಬೇಕೆಂದು ನನ್ನ ನಂಬಿಕೆ.

ಸಂಗೀತ ಬಲ್ಲವರು ಇಲ್ಲೊಂದು ಆಕ್ಷೇಪ ಎತ್ತುತ್ತಾರೆ. ಅಂತ್ಯಾಕ್ಷರಿ ಹಾಡನ್ನು ಕೊಲ್ಲುತ್ತದೆ, ಪಲ್ಲವಿ ಮುಗಿಯುವಷ್ಟರಲ್ಲಿ ‘ಸಾಕು, ಅಕ್ಷರ ಹೇಳು’ ಎನ್ನುತ್ತದೆ, ಚರಣ ಯಾರಿಗೂ ಬೇಡವಾಗುತ್ತದೆ, ಶ್ರುತಿ ಹೇಗಿದ್ದರೂ ನಡೆಯುತ್ತದೆ ಎಂಬುದು ಅದು. ಆಕ್ಷೇಪದಲ್ಲಿ ಹುರುಳಿದೆ. ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಯೊಂದನ್ನು ಎರಡು ಸಾಲಿಗೆ ಕತ್ತರಿಸಿದರೆ ಕವಿತೆಗೆ ನೋವಾಗುತ್ತದೆ. ಆದರೆ ಆಟ ಹಾಡಿನ ಕಛೇರಿಯಲ್ಲ, ಹಾಡಿನ ಸೂಚಿ. ಪುಸ್ತಕದ ಕೊನೆಯಲ್ಲಿರುವ ಅಕಾರಾದಿ ಪಟ್ಟಿಯಿಂದ ಪುಸ್ತಕಕ್ಕೆ ಕೇಡಾಗುವುದಿಲ್ಲ. ಅದು ಇರುವುದರಿಂದಲೇ ಪುಟ ಸಿಗುತ್ತದೆ. ತುದಿ ಸಿಕ್ಕಿದ ಹಾಡನ್ನು ಇಡಿಯಾಗಿ ಕೇಳುವ ಆಸೆ ಯಾವತ್ತಾದರೂ ಹುಟ್ಟಬಹುದು. ತುದಿಯೇ ಇಲ್ಲದ ಹಾಡನ್ನು ಯಾರು ಹುಡುಕಿಯಾರು? ಶ್ರುತಿಯ ಮಾತಿಗೆ ಬಂದರೆ, ಚೆನ್ನಾಗಿ ಹಾಡುವವರು ಮಾತ್ರ ಹಾಡಬೇಕೆಂಬ ಅಂಜಿಕೆ ಇಲ್ಲದ ಜಾಗ ಮಕ್ಕಳಿಗೆ ಒಂದಾದರೂ ಇರಲಿ.

ಓದುಬರಹವಿದ್ದವರ ಮನೆಯ ಆಟವಿದು, ಅದರಲ್ಲಿ ಸಿನಿಮಾ ಹಾಡುಗಳದ್ದೇ ರಾಜ್ಯಭಾರ, ಜನಪದಕ್ಕೆ ಎಲ್ಲಿದೆ ಜಾಗ ಎಂದೂ ಕೇಳಬಹುದು. ಆಟದ ಅಕ್ಷರ ಕಾಗದದ ಅಕ್ಷರವಲ್ಲ, ಕಿವಿಯ ಅಕ್ಷರ. ಓದು ಬಾರದ ಅಜ್ಜಿಗೂ ಸಾಲು ಎಲ್ಲಿ ನಿಂತಿತೆಂದು ಚೆನ್ನಾಗಿ ಗೊತ್ತು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಾಗ ಅದರ ತ್ರಿಪದಿಗಳು ಬಂದದ್ದು ಬೀಸುವ ಕಲ್ಲಿನ ಮುಂದೆ ಕೂತ ಇಂಥ ಹೆಣ್ಣುಮಕ್ಕಳ ಬಾಯಿಂದಲೇ. ಸಿನಿಮಾ ಹಾಡುಗಳ ರಾಜ್ಯಭಾರವಂತೂ ನಿಜ. ಆದರೆ ಆ ರಾಜ್ಯದ ಗಡಿಯಲ್ಲಿ ಳಕಾರ ಕಾಯುತ್ತ ನಿಂತಿದೆ. ಸಿನಿಮಾ ಹಾಡು ಮುಗಿದಲ್ಲಿ ಸೋಬಾನೆ, ಆರತಿ, ಲಾಲಿ, ಶಾಲೆಯ ಪದ್ಯ ಎಲ್ಲಕ್ಕೂ ಸರದಿ ಬರುತ್ತದೆ. ಬೇರೆಲ್ಲೂ ಸಿಗದ ಚಪ್ಪಾಳೆ ಅವಕ್ಕೆ ಅಲ್ಲಿ ಸಿಗುತ್ತದೆ.

ಇನ್ನೊಂದು ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಇಂದಿನ ಮಗು ಫೋನಿನಲ್ಲಿ ಒಂದು ವಾರಕ್ಕೆ ಕೇಳುವಷ್ಟು ಹಾಡನ್ನು ಅಂದಿನ ಮಗು ಒಂದು ವರ್ಷಕ್ಕೂ ಕೇಳಿರಲಾರದು. ಎಷ್ಟೋ ಹಳೆಯ ಹಾಡುಗಳು ರೀಲ್ಸ್‌ಗಳ ಬೆನ್ನೇರಿ ಮತ್ತೆ ಎಳೆಯರ ಬಾಯಿಗೆ ಬಂದಿವೆ. ಹಾಗಿರುವಾಗ ಕಳೆದುಹೋದದ್ದೇನು, ಬರೀ ಹಳಹಳಿಕೆಯಲ್ಲವೇ? ಫೋನು ಹೆಚ್ಚು ಕೊಡುತ್ತದೆ, ಸುಲಭವಾಗಿ ಕೊಡುತ್ತದೆ, ನಾನು ಒಪ್ಪುತ್ತೇನೆ. ಆದರೆ ಅದು ಕೊಡುವುದು ಕೇಳಿದ್ದನ್ನೇ ಹೋಲುವುದನ್ನು. ಒಂದು ವಿರಹಗೀತೆ ಕೇಳಿದವರಿಗೆ ಇನ್ನೊಂದು ವಿರಹಗೀತೆ, ಕುಣಿಯುವ ಹಾಡು ಕೇಳಿದವರಿಗೆ ಇನ್ನೊಂದು ಕುಣಿಯುವ ಹಾಡು. ಅಕ್ಷರ ಹಾಗೆ ಮಾಡುವುದಿಲ್ಲ. ಅದು ‘ಪ್ರೇಮಲೋಕ’ದಿಂದ ನೇರವಾಗಿ ಕನಕದಾಸರಿಗೆ ಜಿಗಿಯುತ್ತದೆ, ಅಲ್ಲಿಂದ ಒಂದನೇ ತರಗತಿಯ ಪದ್ಯಕ್ಕೆ. ಫೋನಿನಲ್ಲಿ ಹಾಡು ಕೇಳಿಸಿದರೆ ಸಾಕು, ಆಟದಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡುತ್ತ ಹಾಡಬೇಕು. ಹುಚ್ಚು ಬೇರೆಬೇರೆಯಾದ ಮೂರು ತಲೆಮಾರುಗಳಿಗೆ ಒಂದೇ ಮನೆಯಲ್ಲಿ ಪರಸ್ಪರ ಬೇಕಾಗುವಂತೆ ಮಾಡುವ ಇನ್ನೊಂದು ಉಪಾಯವನ್ನು ಯಾರಾದರೂ ತೋರಿಸಿದರೆ ಸಂತೋಷದಿಂದ ಒಪ್ಪುತ್ತೇನೆ. ಅಲ್ಲಿಯವರೆಗೆ ಈ ಆಟವನ್ನು ಬಿಟ್ಟುಕೊಡಲು ನನ್ನ ಮನಸ್ಸು ಒಪ್ಪದು.

ಕನ್ನಡನಾಡಿನಿಂದ ದೂರ ಬೆಳೆಯುವ ಮಕ್ಕಳ ಬಗ್ಗೆ ಯೋಚಿಸಿದಾಗ ಆ ಹಳೆಯ ನಿಯಮ ನನಗೆ ಇನ್ನಷ್ಟು ಹತ್ತಿರವಾಗುತ್ತದೆ. ಅವರಲ್ಲಿ ಎಷ್ಟೋ ಮಂದಿಗೆ ಕನ್ನಡ ಲಿಪಿ ಬಾರದು. ಳಕಾರಕ್ಕೆ ನಾಲಿಗೆ ಹೊರಳದೆ ಮಳೆ ಮಲೆಯಾಗುತ್ತದೆ, ಹಳ್ಳಿ ಹಲ್ಲಿಯಾಗುತ್ತದೆ. ದೊಡ್ಡವರು ತಿದ್ದುತ್ತಾರೆ, ತಿದ್ದಬೇಕಾದದ್ದೇ. ಆದರೆ ರಜೆಗೆ ಬಂದ ಅಂಥ ಮಗು ಚಾಪೆಯ ಅಂಚಿನಲ್ಲಿ ಕೂತಾಗ, ಎದುರು ಪಂಗಡದವರು ಳಕಾರದಲ್ಲಿ ಹಾಡು ನಿಲ್ಲಿಸಿದರೆ, ಅದಕ್ಕೆ ಕೇಳಿಸುವುದೂ ಆಟ ಕೇಳುವುದೂ ಒಂದೇ ಅಕ್ಷರ. ಅಜ್ಜಿ ಅದರ ಕಿವಿಯ ಬಳಿ ಬಗ್ಗಿ ಲಾಲಿಯ ಮೊದಲ ಎರಡು ಮಾತು ಹೇಳಿಕೊಟ್ಟರೆ, ಉಳಿದದ್ದನ್ನು ಅದು ಹಾಡಬಲ್ಲದು. ತೊಟ್ಟಿಲಲ್ಲಿದ್ದಾಗ ಆ ಲಾಲಿ ಅದರ ಕಿವಿಗೆ ಬಿದ್ದಿದ್ದರೆ.