ತರಗತಿಯ ಕಣ್ಣು

ನನ್ನ ಮೊಮ್ಮಗಳ ಓರೆನೋಟವನ್ನೂ ತಡವರಿಸುವ ನಡೆಯನ್ನೂ ಮೊದಲು ಗುರುತಿಸಿದವರು ಈ ಶಾಲೆಯ ಅಧ್ಯಾಪಿಕೆ. ಕಾಸರಗೋಡಿನಿಂದ ಆಕೆಯನ್ನು ಮಂಗಳೂರಿಗೆ ಕರೆದೊಯ್ದೆವು.

ಉಸಿರಾಟ, ನುಂಗುವಿಕೆ, ಕಣ್ಣಿನ ಚಲನೆಗಳನ್ನು ಆಳುವ ಮಿದುಳಕಾಂಡವು ಹೆಬ್ಬೆರಳಿನಷ್ಟು ಗಾತ್ರದ್ದು. ಸುತ್ತಲಿನ ದಪ್ಪ ಎಲುಬುಗಳಿಂದಾಗಿ ಸಿ.ಟಿ. ಚಿತ್ರದಲ್ಲಿ ಅದು ಮಸುಕಾಗುವುದುಂಟು. ಎಂ.ಆರ್.ಐ. ಯಂತ್ರವಾದರೋ ಕ್ಷಕಿರಣವಿಲ್ಲದೆ, ಕಾಂತಬಲದಿಂದಲೂ ರೇಡಿಯೋ ತರಂಗಗಳಿಂದಲೂ ಅದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಈ ವಿಧಾನದ ಮೊದಲ ಚಿತ್ರವನ್ನು ಪಾಲ್ ಲಾಟರ್‌ಬರ್ 1973ರಲ್ಲಿ ಪ್ರಕಟಿಸಿದರು.

ಅಲುಗಾಡದಿರಲೆಂದು ಮಗುವಿಗೆ ಮದ್ದಿನಿಂದ ನಿದ್ರೆ ಬರಿಸಿದರು. ಗಡ್ಡೆಯೆಂಬ ನಮ್ಮ ಭಯ ಸುಳ್ಳಾಯಿತು; ಕಂಡದ್ದು ಉರಿಯೂತ. ಸ್ಟೀರಾಯ್ಡ್ ಚಿಕಿತ್ಸೆಯಿಂದ ಕ್ರಮೇಣ ಚೇತರಿಸಿಕೊಂಡಳು.

ಅಧ್ಯಾಪಕ ಬಂಧುಗಳೇ, ಮಗುವು ಅಕ್ಷರಗಳು ಎರಡೆರಡಾಗಿ ಕಾಣುತ್ತವೆಂದರೆ, ನೀರು ಕುಡಿಯುವಾಗ ಪದೇ ಪದೇ ಕೆಮ್ಮಿದರೆ, ಗದರದೆ ಹೆತ್ತವರಿಗೆ ತಿಳಿಸಿರಿ. ದಿನವಿಡೀ ಮಗುವನ್ನು ಎದುರಿಗಿರಿಸಿಕೊಂಡವರು ನೀವೇ.