ಸಾಕ್ಷಿಯಿಲ್ಲದ ಬರಹ

ಕಳೆದ ರಂಜಾನ್ ಹಬ್ಬದ ಮರುದಿನ ಹುಬ್ಬಳ್ಳಿಯಲ್ಲಿ ಆಪಾಳ ಮನೆಗೆ ಹೋಗಿದ್ದೆ. ಊಟ ಮುಗಿದಿತ್ತು. ಹಿಂದಿನ ದಿನದ ಶೀರ್ ಖುರ್ಮಾ ಇನ್ನೂ ಉಳಿದಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಆಪಾಳ ಮಗ ತನ್ನ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸುತ್ತ, 'ಮಾಮು, ನೀವು ಕಥೆ ಬರೆಯುವವರು. ಈ ಸಿನಿಮಾ ನೋಡಿ ಯಾರು ಹೇಳುವುದು ನಿಜ, ಯಾರದು ಸುಳ್ಳು ಹೇಳಿ ನೋಡೋಣ' ಎಂದ. ಸಿನಿಮಾದ ಹೆಸರು 'ಮೆಮೆಂಟೊ'. ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ್ದು. 2000ದಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲ ಬಾರಿ ತೆರೆ ಕಂಡದ್ದು. ಬಂದು ಕಾಲು ಶತಮಾನ ಕಳೆದಿರುವುದರಿಂದ ಅದರ ಗುಟ್ಟನ್ನು ಇಲ್ಲಿ ಹೇಳಿಬಿಟ್ಟರೆ ಓದುಗರು ಬೇಸರಿಸಲಾರರು ಎಂದುಕೊಂಡಿದ್ದೇನೆ.

ಲಿಯೊನಾರ್ಡ್ ಶೆಲ್ಬಿ ಎಂಬವನು ಇದರ ನಾಯಕ. ವಿಮಾ ಕಂಪೆನಿಯೊಂದರಲ್ಲಿ ಪರಿಹಾರದ ಅರ್ಜಿಗಳನ್ನು ತನಿಖೆ ಮಾಡುತ್ತಿದ್ದವನು. ಒಂದು ರಾತ್ರಿ ಮನೆಗೆ ನುಗ್ಗಿದ ದುಷ್ಕರ್ಮಿಗಳು ಅವನ ಹೆಂಡತಿಯ ಮೇಲೆ ಎರಗುತ್ತಾರೆ. ಬಿಡಿಸಲು ಹೋದ ಇವನ ತಲೆಗೆ ಪೆಟ್ಟು ಬೀಳುತ್ತದೆ. ಆ ರಾತ್ರಿಯವರೆಗಿನದೆಲ್ಲ ಅವನಿಗೆ ನೆನಪಿದೆ. ಆಮೇಲಿನದು ಯಾವುದೂ ಕೆಲವು ನಿಮಿಷಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ಹೆಂಡತಿಯನ್ನು ಕೊಂದವನನ್ನು ಹುಡುಕಿ ಕೊಲ್ಲಬೇಕೆಂಬುದೊಂದೇ ಅವನ ಗುರಿ. ಅದಕ್ಕಾಗಿ ಕಂಡವರ ಫೋಟೊವನ್ನು ಪೋಲರಾಯ್ಡ್ ಕ್ಯಾಮೆರಾದಲ್ಲಿ ತೆಗೆದು, ಅದರ ಮೇಲೆ ಟಿಪ್ಪಣಿ ಬರೆದುಕೊಳ್ಳುತ್ತಾನೆ. ಮುಖ್ಯವಾದ ಸಂಗತಿಗಳನ್ನು ಮೈಮೇಲೆಯೇ ಹಚ್ಚೆ ಹಾಕಿಸಿಕೊಳ್ಳುತ್ತಾನೆ.

ಇಷ್ಟೇ ಆಗಿದ್ದರೆ ಇದೊಂದು ಸೇಡಿನ ಕಥೆ. ಆದರೆ ಹೇಳಿರುವ ಕ್ರಮ ಬೇರೆ. ಬಣ್ಣದ ದೃಶ್ಯಗಳು ಕೊನೆಯಿಂದ ಹಿಂದಕ್ಕೆ ಹೋಗುತ್ತವೆ. ಕಪ್ಪು-ಬಿಳುಪಿನ ದೃಶ್ಯಗಳು ಮೊದಲಿನಿಂದ ಮುಂದಕ್ಕೆ ಬರುತ್ತವೆ. ಒಂದು ಬಿಟ್ಟು ಒಂದರಂತೆ ಸಾಗಿ ಕಡೆಗೆ ಎರಡೂ ಒಂದು ಕಡೆ ಕೂಡುತ್ತವೆ. ಮಕ್ಕಳು ಇದನ್ನು ತಿಳಿಸಿಕೊಡಲು ಕಾಗದದ ಮೇಲೆ ಬಾಣದ ಗುರುತು ಹಾಕಿ ತೋರಿಸಿದರು. ನನಗೆ ಅಷ್ಟು ಕಷ್ಟವಾಗಲಿಲ್ಲ. ಏಳನೆಯ ತರಗತಿಯವರೆಗೆ ನಾನು ಓದಿದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಹೈಸ್ಕೂಲಿನಲ್ಲಿ. ನೋಟ್‌ಬುಕ್ಕಿಗೆ ದುಡ್ಡು ಸಾಲದ ಆ ದಿನಗಳಲ್ಲಿ ಒಂದೇ ಪುಸ್ತಕದ ಈ ತುದಿಯಿಂದ ಕನ್ನಡ, ಆ ತುದಿಯಿಂದ ಉರ್ದು ಬರೆಯುತ್ತಿದ್ದೆ. ವರ್ಷದ ಕೊನೆಗೆ ಎರಡೂ ಪಿನ್ನು ಹೊಡೆದ ನಡುಪುಟದಲ್ಲಿ ಮುಖಾಮುಖಿಯಾಗುತ್ತಿದ್ದವು. ಈ ಸಿನಿಮಾ ಅಂಥದೊಂದು ನೋಟ್‌ಬುಕ್ಕು.

ಮೊದಲ ದೃಶ್ಯದಲ್ಲೇ ಲಿಯೊನಾರ್ಡ್ ಟೆಡಿ ಎಂಬವನಿಗೆ ಗುಂಡು ಹೊಡೆಯುತ್ತಾನೆ. ಟೆಡಿಯ ಫೋಟೊದ ಮೇಲೆ 'ಇವನ ಸುಳ್ಳುಗಳನ್ನು ನಂಬಬೇಡ' ಎಂದು ಬರೆದಿದೆ. ಅದನ್ನು ಬರೆದದ್ದು ಯಾಕೆ ಎಂಬುದು ತಿಳಿಯಲು ನಾವು ಕೊನೆಯವರೆಗೆ ಕಾಯಬೇಕು. ಅಲ್ಲಿ ಟೆಡಿ ಬಾಯಿಬಿಡುತ್ತಾನೆ: ನಿನ್ನ ಹೆಂಡತಿ ಆ ರಾತ್ರಿ ಸಾಯಲಿಲ್ಲ. ಆಕೆಗೆ ಸಕ್ಕರೆ ಕಾಯಿಲೆ ಇತ್ತು. ನಿನ್ನ ಮರೆವಿನಿಂದಲೇ, ನೀನು ಮತ್ತೆ ಮತ್ತೆ ಚುಚ್ಚಿದ ಇನ್ಸುಲಿನ್‌ನಿಂದಲೇ ಸತ್ತಳು. ಆ ಹಲ್ಲೆಕೋರನನ್ನೂ ನೀನು ಯಾವತ್ತೋ ಕೊಂದು ಮುಗಿಸಿದ್ದೀಯ. ಇದನ್ನು ಕೇಳಿದ ಲಿಯೊನಾರ್ಡ್ ಏನು ಮಾಡುತ್ತಾನೆ? ಸಾಕ್ಷಿಯಾಗಿದ್ದ ಫೋಟೊಗಳನ್ನು ಸುಡುತ್ತಾನೆ. ಟೆಡಿಯ ಫೋಟೊದ ಮೇಲೆ ಆ ಮಾತನ್ನು ಬರೆಯುತ್ತಾನೆ. ಹಚ್ಚೆ ಹಾಕಿಸಿಕೊಳ್ಳಲೆಂದು ಟೆಡಿಯ ಕಾರಿನ ನಂಬರನ್ನು ಗುರುತು ಹಾಕಿಕೊಳ್ಳುತ್ತಾನೆ. ಇನ್ನು ಕೆಲವು ನಿಮಿಷಗಳಲ್ಲಿ ಇದೆಲ್ಲ ತನಗೆ ಮರೆತುಹೋಗುತ್ತದೆ, ತನ್ನ ಅಕ್ಷರವನ್ನು ಮಾತ್ರ ತಾನು ನಂಬುತ್ತೇನೆ ಎಂದು ಅವನಿಗೆ ಚೆನ್ನಾಗಿ ಗೊತ್ತು.

ಸಿನಿಮಾ ಮುಗಿದದ್ದೇ ತಡ, ಮನೆ ಪಂಚಾಯಿತಿ ಕಟ್ಟೆಯಾಯಿತು. ಪ್ರಪಂಚದಲ್ಲಿ ಎಲ್ಲಿ ಇದನ್ನು ನೋಡಿದರೂ ಜನ ಹೀಗೇ ಜಗಳವಾಡುತ್ತಾರಂತೆ. ಆಪಾಳ ಮಗನ ಪ್ರಕಾರ ಟೆಡಿ ಹೇಳಿದ್ದೆಲ್ಲ ನಿಜ. 'ಅವನಿಗೆ ಸುಳ್ಳು ಹೇಳಿ ಏನು ಲಾಭ? ಐದು ನಿಮಿಷದಲ್ಲಿ ಮರೆಯುವವನಿಗೆ ಯಾರಾದರೂ ಕಷ್ಟಪಟ್ಟು ಸುಳ್ಳು ಹೇಳುತ್ತಾರಾ?' ಧಾರವಾಡದಲ್ಲಿ ಮನಃಶಾಸ್ತ್ರ ಓದುತ್ತಿರುವ ಅವನ ತಂಗಿ ಒಪ್ಪಲಿಲ್ಲ. ಟೆಡಿ ಪೊಲೀಸಿನವನು, ಲಿಯೊನಾರ್ಡ್‌ನನ್ನು ತನ್ನ ದುಡ್ಡಿನ ವ್ಯವಹಾರಕ್ಕೆ ಬಳಸಿಕೊಂಡವನು, ಅವನ ಮಾತಿಗೇನು ಆಧಾರ ಎಂದಳು. ಇದ್ದಕ್ಕಿದ್ದಂತೆ ಅಣ್ಣನಿಗೊಂದು ಅನುಮಾನ ಬಂತು: 'ಎಲ್ಲ ಮರೆಯುವವನಿಗೆ ತನಗೆ ಮರೆವಿನ ಕಾಯಿಲೆ ಇದೆ ಎಂಬುದು ಹೇಗೆ ನೆನಪಿರುತ್ತದೆ?' ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಎಬರ್ಟ್ ಕೂಡ ತಮ್ಮ ವಿಮರ್ಶೆಯಲ್ಲಿ ಇದೇ ಪ್ರಶ್ನೆ ಎತ್ತಿದ್ದರು.

ಅದಕ್ಕೆ ಹುಡುಗಿ ಹೇಳಿದ ಸಂಗತಿ ನನಗೆ ಸಿನಿಮಾದಷ್ಟೇ ಸೋಜಿಗವೆನಿಸಿತು. ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಮೂರ್ಛೆರೋಗ ನಿಲ್ಲಿಸಲೆಂದು 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಆಗ ಅವರಿಗೆ 27 ವರ್ಷ. ಆವತ್ತಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಹೊಸದೇನೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಆಕಾರವನ್ನು ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಆ ಕೆಲಸವನ್ನು ಹಿಂದೆ ಮಾಡಿದ್ದೇನೆಂಬುದೇ ಅವರಿಗೆ ಗೊತ್ತಿರುತ್ತಿರಲಿಲ್ಲ. ತಲೆ ಮರೆತರೂ ಕೈ ಕಲಿಯುತ್ತದೆ. ಲಿಯೊನಾರ್ಡ್ ನಂಬಿರುವುದೂ ಇದನ್ನೇ: ಅಭ್ಯಾಸ ಮತ್ತು ಬರಹ.

ಬಟ್ಟೆ ಅಂಗಡಿಯ ವ್ಯಾಪಾರದಲ್ಲಿ ಪಳಗಿದ ಭಾವನ ಅಭಿಪ್ರಾಯ ನೇರವಾಗಿತ್ತು. 'ಇದಕ್ಕಿಂತ ನಮ್ಮ ಆಮಿರ್ ಖಾನನ ಗಜಿನಿ ಸಾವಿರ ಪಾಲು ವಾಸಿ.' ಎ.ಆರ್. ಮುರುಗದಾಸ್ 2005ರಲ್ಲಿ ತಮಿಳಿನಲ್ಲಿ ಸೂರ್ಯನನ್ನೂ 2008ರಲ್ಲಿ ಹಿಂದಿಯಲ್ಲಿ ಆಮಿರ್ ಖಾನನನ್ನೂ ಹಾಕಿಕೊಂಡು ತೆಗೆದ ಆ ಚಿತ್ರದಲ್ಲಿ ಇದೇ ಹಚ್ಚೆ, ಇದೇ ಫೋಟೊಗಳಿವೆ. ಅಲ್ಲಿ ನಾಯಕನ ನೆನಪು ಹದಿನೈದು ನಿಮಿಷ ನಿಲ್ಲುತ್ತದೆ. ಆದರೆ ಪ್ರೇಕ್ಷಕನಿಗೆ ಎಲ್ಲಿಯೂ ಗೊಂದಲವಿಲ್ಲ. ಖಳ ಖಳನೇ, ನಾಯಕ ನಾಯಕನೇ, ಸೇಡು ನ್ಯಾಯವಾದದ್ದೇ. ಭಾವನ ಮಾತನ್ನು ಮಕ್ಕಳು ನಕ್ಕು ತಳ್ಳಿಹಾಕಿದರು. ನನಗೆ ಹಾಗೆ ಅನ್ನಿಸಲಿಲ್ಲ. ನಮ್ಮಲ್ಲಿ ಹೆಚ್ಚಿನವರು ನಮ್ಮ ನೆನಪನ್ನು 'ಗಜಿನಿ'ಯಂತೆಯೇ ಇಟ್ಟುಕೊಂಡಿರುತ್ತೇವೆ. ಅದರಲ್ಲಿ ನಾವೇ ನಾಯಕರು.

ಇಷ್ಟು ಹೊತ್ತೂ ಆಪಾ ಅಡುಗೆಮನೆಗೂ ಹಾಲಿಗೂ ಓಡಾಡುತ್ತ ಅರ್ಧಂಬರ್ಧ ನೋಡಿದ್ದಳು. ಇಂಗ್ಲಿಷು ಅವಳಿಗೆ ಅಷ್ಟಾಗಿ ತಿಳಿಯದು. ಮಗಳು ಆಗಾಗ ಹೇಳುತ್ತಿದ್ದಳು. ಸಿನಿಮಾದಲ್ಲಿ ಇನ್ನೊಂದು ಉಪಕಥೆಯಿದೆ. ಲಿಯೊನಾರ್ಡ್ ಎಲ್ಲರಿಗೂ ಸ್ಯಾಮಿ ಎಂಬವನ ಕಥೆ ಹೇಳುತ್ತಿರುತ್ತಾನೆ. ಸ್ಯಾಮಿಗೂ ಇದೇ ಮರೆವು. ಅವನ ಹೆಂಡತಿಗೆ ಸಕ್ಕರೆ ಕಾಯಿಲೆ. ಗಂಡನ ಮರೆವು ನಿಜವೋ ನಟನೆಯೋ ಎಂದು ಪರೀಕ್ಷಿಸಲು ಆಕೆ ಮತ್ತೆ ಮತ್ತೆ ಇನ್ಸುಲಿನ್ ಹಾಕಿಸಿಕೊಂಡು ಸಾಯುತ್ತಾಳೆ. ಕೊನೆಗೆ ಸ್ಯಾಮಿ ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತಿರುವಾಗ, ಕಣ್ಣು ಮಿಟುಕಿಸುವಷ್ಟು ಹೊತ್ತು ಆ ಕುರ್ಚಿಯಲ್ಲಿ ಲಿಯೊನಾರ್ಡ್ ಕಾಣಿಸುತ್ತಾನೆ. ಮಕ್ಕಳು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ವಾದಿಸುತ್ತಿದ್ದರು. ಆಪಾ ಬಾಗಿಲಲ್ಲಿ ನಿಂತು, 'ಇದಕ್ಕೇನು ಇಷ್ಟು ಗಲಾಟೆ? ತಾನು ಮಾಡಿದ್ದನ್ನು ಇನ್ನೊಬ್ಬನ ಹೆಸರಿನಲ್ಲಿ ಹೇಳುತ್ತಿದ್ದಾನೆ, ಅಷ್ಟೇ ತಾನೆ' ಎಂದಳು. ನನ್ನ ಮುಖ ನೋಡಿದಳು. ಒಳಗೆ ಹೋದಳು.

ಆ ನೋಟ ನನಗೆ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಗೆ ಹೋಗಿ ಕೇಳಿದೆ. ಅವಳು ಪಾತ್ರೆ ಒರೆಸುತ್ತ, 'ನಿನ್ನ ಕಥೆ ನೆನಪಾಯಿತು' ಎಂದಳು.

2004ರಲ್ಲಿ ನಾನೊಂದು ಕಥೆ ಬರೆದಿದ್ದೆ. ಅದರಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳಿದ್ದಾಳೆ. ಅವಳ ಚಾಚಾ ಮನೆಗೆ ಬಂದು ಮಾನ ಮರ್ಯಾದೆಯ ಮಾತಾಡಿ ಅವಳ ಓದನ್ನು ನಿಲ್ಲಿಸುತ್ತಾನೆ. ಅವಳ ಪುಸ್ತಕಗಳನ್ನು ರದ್ದಿಗೆ ಹಾಕಿಸುತ್ತಾನೆ. ಅದು ನಮ್ಮ ಮನೆಯದೇ ಕಥೆ. 1995ರಲ್ಲಿ ಆಪಾ ಬಸ್ಸಿನಲ್ಲಿ ಹಾವೇರಿಗೆ ಹೋಗಿ ಮೊದಲ ಪಿಯುಸಿ ಓದುತ್ತಿದ್ದಳು. ನಡುವಿನಲ್ಲೇ ಬಿಡಿಸಿದರು. ಬಿಡಿಸಿದ್ದು ಚಾಚಾ ಎಂದು ನಾನು ಬರೆದೆ. ಬಹಳ ಜನ ಮೆಚ್ಚಿ ಪತ್ರ ಬರೆದರು. ನಮ್ಮ ಸಮಾಜದ ಒಳಗಿನಿಂದ ಬಂದ ದಿಟ್ಟ ದನಿ ಎಂದು ಕೆಲವರು ಹೊಗಳಿದರು. ಸಭೆಗಳಲ್ಲಿ ಆ ಕಥೆಯ ಬಗ್ಗೆ ಕೇಳಿದಾಗಲೆಲ್ಲ ನಾನು ಚಾಚಾ ಬಂದ ದಿನವನ್ನು ವರ್ಣಿಸಿದ್ದೇನೆ. ಅವರ ಕಂದು ಬಣ್ಣದ ಶಾಲು, ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ.

'ಚಾಚಾ ಆವತ್ತು ಬಂದಿದ್ದು ನನ್ನನ್ನು ಬಿಡಿಸಬೇಡಿ ಅಂತ ಹೇಳಲಿಕ್ಕೆ' ಎಂದಳು ಆಪಾ. 'ಫೀಸು ನಾನು ಕೊಡುತ್ತೇನೆ ಅಂದರು. ಅಬ್ಬಾ ಕೇಳಲಿಲ್ಲ.'

'ಹಾಗಾದರೆ ಅಬ್ಬಾಗೆ ಯಾರು ಹೇಳಿದ್ದು?'

'ನೀನು.'

ಬಸ್ ಸ್ಟ್ಯಾಂಡಿನಲ್ಲಿ ಅವಳು ಸಹಪಾಠಿ ಹುಡುಗನೊಬ್ಬನ ಜೊತೆ ಮಾತಾಡುತ್ತಿದ್ದಳಂತೆ. ಅವನು ಅವಳ ನೋಟ್ಸ್ ವಾಪಸು ಕೊಡಲು ಬಂದಿದ್ದನಂತೆ. ಒಂಬತ್ತನೆಯ ತರಗತಿಯಲ್ಲಿದ್ದ ನಾನು ಅದನ್ನು ನೋಡಿದೆ. ರಾತ್ರಿ ಊಟಕ್ಕೆ ಕೂತಾಗ ಅಬ್ಬಾನ ಮುಂದೆ ಹೇಳಿದೆ. ಮರುದಿನದಿಂದ ಅವಳು ಕಾಲೇಜಿಗೆ ಹೋಗಲಿಲ್ಲ.

ನನಗೆ ಇದು ನೆನಪಿಲ್ಲ. ಎಷ್ಟು ತಡಕಾಡಿದರೂ ಆ ಬಸ್ ಸ್ಟ್ಯಾಂಡು ಬರುವುದಿಲ್ಲ. ಶಾಲು ಬರುತ್ತದೆ, ಚಪ್ಪಲಿ ಬರುತ್ತದೆ. ಊರಿಗೆ ಹೋಗಿ ಅಮ್ಮಿಯನ್ನು ಕೇಳಿದೆ. 'ಯಾರೋ ಹೇಳಿದರು, ನಿಮ್ಮ ಅಬ್ಬಾ ಬಿಡಿಸಿದರು. ಈಗ ಯಾಕೆ ಅದೆಲ್ಲ?' ಎಂದು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಅಬ್ಬಾ ಇಲ್ಲ. ಚಾಚಾ 2012ರಲ್ಲಿ ತೀರಿಕೊಂಡರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಕಥೆ ಅಚ್ಚಾದ ವರ್ಷ ಮದುವೆಯೊಂದರಲ್ಲಿ ಸಿಕ್ಕಾಗ, 'ನನ್ನ ಬಗ್ಗೆ ಏನೋ ಬರೆದಿದ್ದೀಯಂತೆ, ಮಗ ಓದಿ ಹೇಳಿದ' ಎಂದಿದ್ದರು. ಅದೊಂದು ಕಥೆ ಚಾಚಾ, ಕಲ್ಪನೆ ಎಂದಿದ್ದೆ. ಅವರು ನಕ್ಕು ನನ್ನ ತಟ್ಟೆಗೆ ಇನ್ನಷ್ಟು ಬಿರಿಯಾನಿ ಹಾಕಿಸಿದ್ದರು. ಈ ನಗು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಆಪಾ ಇಷ್ಟು ವರ್ಷ ಯಾಕೆ ಸುಮ್ಮನಿದ್ದಳು? ಕೇಳಿದೆ. 'ಕಥೆಯಲ್ಲಿ ಆ ಹುಡುಗಿಯ ಬಗ್ಗೆ ನೀನು ಒಳ್ಳೆಯ ಮಾತು ಬರೆದಿದ್ದೆ. ಓದಿ ಅಳು ಬಂತು. ಇದನ್ನು ಬರೆದವನಿಗೆ ಗೊತ್ತಿರಲೇಬೇಕು, ಒಂದು ದಿನ ತಾನೇ ಬಂದು ಹೇಳುತ್ತಾನೆ ಅಂದುಕೊಂಡೆ' ಎಂದಳು.

ಮೆಮೆಂಟೊ ನೋಡಿದ ಹಲವರು ಇದು ಬರೀ ಬುದ್ಧಿಯ ಆಟ, ನೇರವಾಗಿ ಹೇಳಿದ್ದರೆ ಏನೂ ಉಳಿಯುತ್ತಿರಲಿಲ್ಲ ಎನ್ನುತ್ತಾರೆ. ಅದರ ಒಂದು ವಿಶೇಷ ಡಿವಿಡಿಯಲ್ಲಿ ಘಟನೆಗಳನ್ನು ನಡೆದ ಕ್ರಮದಲ್ಲೇ ನೋಡುವ ವ್ಯವಸ್ಥೆಯನ್ನೂ ಗುಟ್ಟಾಗಿ ಇಟ್ಟಿದ್ದರು. ಹಾಗೆ ನೇರವಾಗಿ ನೋಡಿದರೆ ಲಿಯೊನಾರ್ಡ್ ಮೋಸಗಾರನೆಂದು ನಡುವಿನಲ್ಲೇ ತಿಳಿದುಬಿಡುತ್ತದೆ. ನಾವು ಆರಾಮವಾಗಿ ಅವನ ಮೇಲೆ ತೀರ್ಪು ಕೊಡಬಹುದು. ಹಿಂದುಮುಂದಾಗಿ ನೋಡಿದಾಗ ಎರಡು ಗಂಟೆ ನಾವೂ ಅವನ ಅಕ್ಷರವನ್ನೇ ನಂಬಿ, ಅವನ ಪಕ್ಷದಲ್ಲಿ ನಿಂತಿರುತ್ತೇವೆ. ಆದ್ದರಿಂದ ಆ ಕ್ರಮ ಬೇಕಾಗಿತ್ತು ಎಂದೇ ನನ್ನ ಅಭಿಪ್ರಾಯ. ಅವನ ತೊಂದರೆ ಮರೆವು ಎಂದು ನಾವು ತಿಳಿದಿರುತ್ತೇವೆ. ಕೊನೆಗೆ ನೋಡಿದರೆ ಅವನನ್ನು ಕೆಡಿಸಿದ್ದು ಅವನ ಬರಹ.

ನಮ್ಮ ಅಬ್ಬಾ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಬಾಂಡ್ ಬರೆಯುತ್ತಿದ್ದವರು. ಅಕ್ಷರ ಮುತ್ತಿನಂತಿತ್ತು. ಖರೀದಿ ಪತ್ರ ಬರೆದು ಮುಗಿಸಿದ ಮೇಲೆ, 'ಸಾಕ್ಷಿದಾರರು ಎಲ್ಲಿ? ಇಬ್ಬರ ಸಹಿ ಬೀಳುವವರೆಗೆ ಇದು ಬರೀ ಶಾಯಿ' ಎನ್ನುತ್ತಿದ್ದರು. ಲಿಯೊನಾರ್ಡ್‌ನ ಮೈತುಂಬ ಬರಹವಿದೆ, ಒಬ್ಬ ಸಾಕ್ಷಿಯಿಲ್ಲ. ಇದ್ದವನನ್ನು ಅವನೇ ಕೊಂದ. ನಾನೂ ಇಪ್ಪತ್ತು ವರ್ಷ ಚಾಚಾನ ಮೇಲೆ ಬರೆದು, ಮನೆಯಲ್ಲೇ ಇದ್ದ ಸಾಕ್ಷಿಯನ್ನು ಒಂದು ಮಾತು ಕೇಳಿರಲಿಲ್ಲ.

ಈ ಲೇಖನವನ್ನು ಕಳಿಸುವ ಮುಂಚೆ ಆಪಾಗೆ ಓದಲು ಕೊಟ್ಟೆ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲೇ ಓದಿದವಳು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಬಸ್ ಸ್ಟ್ಯಾಂಡಿನ ಭಾಗಕ್ಕೆ ಬಂದಾಗ ಪೆನ್ನು ಕೇಳಿದಳು. ಅಬ್ಬಾನ ಮುಂದೆ 'ಗೊತ್ತಿಲ್ಲದೆ ಹೇಳಿದೆ' ಎಂದು ನಾನು ಬರೆದಿದ್ದೆ. ಅವಳು ಒಂದು ಪದದ ಮೇಲೆ ಗೆರೆ ಎಳೆದಳು.

'ಗೊತ್ತಿತ್ತು ನಿನಗೆ' ಎಂದಳು.

ಆ ಪದವನ್ನು ತೆಗೆದಿದ್ದೇನೆ.